ಹಿಂದಿರುಗುವ ವಿದ್ಯೆ

(ಸಂಘದ ಮಾಸಿಕ ಉಪನ್ಯಾಸದಲ್ಲಿ, ಹಿಮದ ಬೆಟ್ಟಗಳಲ್ಲಿ ಸ್ಕೀ ಸಂಚಾರ ಮಾಡಿಬಂದ ನಾಲ್ವರು ಸದಸ್ಯರ ಪರವಾಗಿ ಓದಿದ ಭಾಷಣ)



ಈ ಭಾಷಣವನ್ನು ಓದುತ್ತಿರುವವರು ಒಬ್ಬರಾದರೂ ಮಾತು ನಾಲ್ವರದು. ಆದ್ದರಿಂದ ಉದ್ದಕ್ಕೂ 'ನಾವು' ಎಂದೇ ಹೇಳುತ್ತೇವೆ. ಇದು ಗೌರವದ ಬಹುವಚನವಲ್ಲ, ಲೆಕ್ಕದ ಬಹುವಚನ. ಮುಂದೆ ಹೇಳಲಿರುವ ತಪ್ಪುಗಳೆಲ್ಲ ನಾಲ್ವರಿಗೂ ಸಮವಾಗಿ ಸೇರಿದವು. ಯಾವುದು ಯಾರದೆಂದು ಬಿಡಿಸಿ ಹೇಳಬಾರದೆಂದು ನಮ್ಮೊಳಗೆ ಒಪ್ಪಂದವಾಗಿದೆ.

ಕಾರ್ಯದರ್ಶಿಗಳು ಈ ವಿಷಯವನ್ನು ಗೊತ್ತುಮಾಡಿದ ದಿನದಿಂದ ನಮಗೆ ಎರಡು ಕಡೆಯಿಂದಲೂ ಒತ್ತಾಯ ಬಂದಿದೆ. ಸಂಘದ ಹತ್ತು ಹನ್ನೆರಡು ಮಂದಿ ತರುಣ ತರುಣಿಯರು ಈ ಚಳಿಗಾಲದಲ್ಲಿ ಮನಾಲಿಗೆ ಹೋಗಿ ಸ್ಕೀ ಕಲಿತು, ಮುಂದೆ ಜನಸಂಚಾರವಿಲ್ಲದ ಬೆಟ್ಟಗಳಲ್ಲಿ ಅಲೆಯಬೇಕೆಂದು ಮನಸ್ಸು ಮಾಡಿದ್ದಾರೆ. 'ನೀವು ನಾಲ್ಕು ಒಳ್ಳೆಯ ಮಾತು ಹೇಳಿ ನಮ್ಮ ಮನೆಯವರನ್ನು ಒಪ್ಪಿಸಿ' ಎಂದು ಅವರ ಕೋರಿಕೆ. 'ನೀವು ನಾಲ್ಕು ಬುದ್ಧಿಮಾತು ಹೇಳಿ ಮಕ್ಕಳನ್ನು ತಡೆಯಿರಿ' ಎಂದು ತಂದೆತಾಯಿಗಳ ಕೋರಿಕೆ. ನಮ್ಮ ಮಾತು ಮುಗಿಯುವ ಹೊತ್ತಿಗೆ ಎರಡು ಪಕ್ಷಕ್ಕೂ ಸ್ವಲ್ಪ ನಿರಾಶೆಯಾಗುವುದೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇವೆ. ಹೋಗಬೇಡಿ ಎಂದು ನಾವು ಹೇಳುವುದಿಲ್ಲ. ಹೋಗಿ ಶಿಖರ ಮುಟ್ಟಿ ಬನ್ನಿ ಎಂದೂ ಹೇಳುವುದಿಲ್ಲ. ಅರ್ಧ ದಾರಿಯಿಂದ ಹಿಂದಿರುಗಲು ಕಲಿತು ಹೋಗಿ ಎಂಬಷ್ಟನ್ನೇ ಹೇಳುತ್ತೇವೆ. ಅದನ್ನು ಹೇಳಲು ಇಷ್ಟು ದೊಡ್ಡ ಭಾಷಣ ಏಕೆಂದರೆ, ಅದನ್ನು ಕಲಿಯಲು ನಮಗೆ ಮೂರು ಚಳಿಗಾಲ ಹಿಡಿಯಿತು.

ಮೊದಲು ಸ್ಕೀ ಎಂದರೇನೆಂದು ಎರಡು ಮಾತು. ಕಾಲಿಗೆ ಒಂದೊಂದರಂತೆ ಕಟ್ಟಿಕೊಳ್ಳುವ, ಮುಂತುದಿ ಮೇಲಕ್ಕೆ ಬಾಗಿದ, ಆಳುದ್ದದ ಕಿರಿದಾದ ಹಲಗೆಗಳೇ ಸ್ಕೀ. ಮೆತ್ತನೆಯ ಹಿಮದಲ್ಲಿ ಬರಿಗಾಲು ತೊಡೆಯವರೆಗೆ ಹೂತುಹೋಗುವಲ್ಲಿ ಈ ಹಲಗೆ ಮನುಷ್ಯನ ಭಾರವನ್ನು ಹಂಚಿ ಮೇಲೆ ನಿಲ್ಲಿಸುತ್ತದೆ. ಇದನ್ನು ಆಟಕ್ಕಾಗಿ ಹುಟ್ಟಿಸಿದ ವಸ್ತುವೆಂದು ನಾವು ತಿಳಿದಿದ್ದೆವು. ಆದರೆ ಉತ್ತರ ರಷ್ಯದ ಜೌಗುನೆಲದಲ್ಲಿ ಸಾವಿರಾರು ವರ್ಷ ಹಳೆಯ ಮರದ ಸ್ಕೀ ತುಣುಕುಗಳು ಸಿಕ್ಕಿವೆ. ಮಧ್ಯ ಏಷ್ಯದ ಆಲ್ಟಾಯ್ ಬೆಟ್ಟಗಳ ಬೇಟೆಗಾರರು ಹಲಗೆಯ ಅಡಿಗೆ ಕುದುರೆಯ ತೊಗಲನ್ನು ಹೊಲಿದು ಇಂದಿಗೂ ಬಳಸುತ್ತಾರೆ. ತೊಗಲಿನ ಕೂದಲು ಹಿಂದಕ್ಕೆ ಬಾಗಿರುವುದರಿಂದ ಮುಂದಕ್ಕೆ ನೂಕಿದರೆ ಹಲಗೆ ಜಾರುತ್ತದೆ, ಹಿಂದಕ್ಕೆ ಜಾರಲು ಹೋದರೆ ಕೂದಲು ನಿಮಿರಿ ಹಿಮವನ್ನು ಕಚ್ಚುತ್ತದೆ. ಬೆಕ್ಕಿನ ಬೆನ್ನನ್ನು ಬಾಲದಿಂದ ತಲೆಯ ಕಡೆಗೆ ಸವರಿ ನೋಡಿದವರಿಗೆ ಈ ಯಂತ್ರಶಾಸ್ತ್ರ ಕೂಡಲೆ ಅರ್ಥವಾಗುತ್ತದೆ.

ಸ್ಕೀ ಮಾಡುವುದರಲ್ಲಿ ಎರಡು ಬಗೆ. ಗುಲ್ಮರ್ಗದಂಥ ಕಡೆ ಗೊಂಡೊಲಾ ಎಂಬ ತೂಗುಗಾಡಿಯಲ್ಲಿ ಕುಳಿತು, ಸುಮಾರು ೩,೯೫೦ ಮೀಟರ್ ಎತ್ತರಕ್ಕೆ ಏರಿ, ಕಾವಲುಗಾರರು ನೋಡಿಕೊಳ್ಳುವ ಇಳಿಜಾರಿನಲ್ಲಿ ಇಳಿದುಬರುವುದು ಒಂದು. ತೂಗುಗಾಡಿಯಾಗಲಿ ಕಾವಲುಗಾರರಾಗಲಿ ಇಲ್ಲದ ಬೆಟ್ಟವನ್ನು ತನ್ನ ಕಾಲಿನಿಂದಲೇ ಹತ್ತಿ ಇಳಿಯುವುದು ಇನ್ನೊಂದು. ಈ ಎರಡನೆಯದನ್ನು ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಎನ್ನುತ್ತಾರೆ. ನಾವು 'ಕಾಡುದಾರಿಯ ಸ್ಕೀ' ಎಂದು ಕರೆದುಕೊಂಡಿದ್ದೇವೆ. ಹತ್ತುವಾಗ ಅಡಿಗೆ ತೊಗಲುಪಟ್ಟಿ ಅಂಟಿಸಿ, ಹಿಮ್ಮಡಿಯನ್ನು ಬಿಡಿಯಾಗಿ ಬಿಟ್ಟು, ಹಲಗೆಯನ್ನು ಎಳೆಯುತ್ತ ನಡೆಯಬೇಕು. ಈಗಿನ ಪಟ್ಟಿ ಕುದುರೆಯ ತೊಗಲಲ್ಲ, ನೈಲಾನಿನದೋ ಆಡಿನ ಕೂದಲಿನದೋ. ಮೇಲೆ ಮುಟ್ಟಿದ ಬಳಿಕ ಪಟ್ಟಿ ಕಿತ್ತು ಚೀಲಕ್ಕೆ ಹಾಕಿ, ಹಿಮ್ಮಡಿ ಬಿಗಿದು ಇಳಿಯಬೇಕು. ನಮ್ಮಂಥವರಿಗೆ ನಾಲ್ಕು ಗಂಟೆ ಹತ್ತಿದರೆ ಇಪ್ಪತ್ತು ನಿಮಿಷದ ಇಳಿತ. ಆ ಇಪ್ಪತ್ತು ನಿಮಿಷಕ್ಕಾಗಿ ಇಷ್ಟು ಕಷ್ಟವೇ ಎಂದು ಕೇಳಬಹುದು. ಹೋಗಿಬಂದವರು ನೆನೆಯುವುದು ಆ ನಾಲ್ಕು ಗಂಟೆಗಳನ್ನು.

ಬೆಳಗಿನ ಜಾವದಲ್ಲಿ ದೇವದಾರು ಮರಗಳ ನಡುವೆ ಹೊರಡುತ್ತೇವೆ. ಮಾತಿಲ್ಲ, ತೊಗಲುಪಟ್ಟಿ ಹಿಮದ ಮೇಲೆ ಸರಿಯುವ ಸದ್ದು ಮಾತ್ರ. ರಾತ್ರಿ ನರಿ ಹೋದ ಹೆಜ್ಜೆಯ ಸಾಲು ಮೊಲದ ಹೆಜ್ಜೆಯನ್ನು ಕೂಡಿ ಒಂದು ಪೊದೆಯ ಬಳಿ ನಿಂತಿರುತ್ತದೆ. ಅಲ್ಲಿ ಏನಾಯಿತೆಂಬುದನ್ನು ಹಿಮದ ಮೇಲೆ ಓದಬಹುದು. ಒಮ್ಮೆ ನವಿಲಿನ ಬಣ್ಣಗಳನ್ನೆಲ್ಲ ಗಿಡ್ಡ ಮೈಯಲ್ಲಿ ತುರುಕಿಕೊಂಡಂಥ ಮೋನಾಲ್ ಹಕ್ಕಿ ತಲೆಯ ಮೇಲೆಯೇ ಕೂಗುತ್ತ ಹಾರಿಹೋಯಿತು. ಕಾಡು ಮುಗಿದು ಬಯಲು ಬಂದಾಗ ಎದುರಿನ ಶಿಖರಗಳ ತುದಿಗೆ ಬಿಸಿಲು ತಾಗಿರುತ್ತದೆ, ನಮ್ಮ ಕಾಲಬುಡ ಇನ್ನೂ ನೀಲಿಯಾಗಿರುತ್ತದೆ. ಫ್ಲಾಸ್ಕಿನ ಚಹಾ ಒಂದೊಂದು ಗುಟುಕು ಕುಡಿಯುವಾಗ, ಕಚೇರಿಯ ಕಡತಗಳೂ ರಿಂಗ್ ರಸ್ತೆಯ ಹೊಗೆಯೂ ಬೇರೆ ಯಾರದೋ ಜೀವನದವೆಂದು ತೋರುತ್ತದೆ. ಈ ಸುಖವನ್ನು ತರುಣರಿಂದ ತಪ್ಪಿಸಲು ನಮಗೆ ಮನಸ್ಸು ಬಾರದು.

ಈ ವಿದ್ಯೆ ನಮ್ಮ ದೇಶಕ್ಕೆ ತೀರ ಹೊಸದೂ ಅಲ್ಲ. ಗುಲ್ಮರ್ಗದಲ್ಲಿ ಇಂಗ್ಲಿಷರು ೧೯೨೭ರಲ್ಲೇ ಸ್ಕೀ ಕ್ಲಬ್ ಕಟ್ಟಿದ್ದರು. ೧೯೬೪ರಲ್ಲಿ ಜೆರೆಮಿ ಬುಜಕೋವ್‌ಸ್ಕಿ ಎಂಬವರು ಭಾರತದ ಪರವಾಗಿ ಇನ್ಸ್‌ಬ್ರುಕ್‌ನ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಸ್ಕೀ ಮಾಡಿದರು. ೨೦೧೮ರಲ್ಲಿ ಮನಾಲಿಯ ಸಮೀಪದ ಬುರುವಾ ಹಳ್ಳಿಯ ಆಂಚಲ್ ಠಾಕುರ್ ತುರ್ಕಿಯ ಸ್ಪರ್ಧೆಯೊಂದರಲ್ಲಿ ಕಂಚಿನ ಪದಕ ಗೆದ್ದರು. ಗುಲ್ಮರ್ಗದ ಆರಿಫ್ ಖಾನ್ ೨೦೨೨ರ ಬೀಜಿಂಗ್ ಒಲಿಂಪಿಕ್ಸ್‌ಗೆ ಹೋದರು. ಹಿಮವನ್ನೇ ಕಾಣದ ನಾಡಿನವರು ನಾವು ಎಂದು ಕೈಕಟ್ಟಿ ಕೂರುವಂತೆಯೂ ಇಲ್ಲ. ಕಾಫಿತೋಟಗಳ ಕೊಡಗಿನಿಂದ ಬಂದ ತೆಕ್ಕಡ ನಂಜುಂಡ ಭವಾನಿ ಅವರು ಗುಲ್ಮರ್ಗದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನದ ಪದಕಗಳನ್ನು ತಂದಿದ್ದಾರೆ. ಅವರು ಆರಿಸಿಕೊಂಡದ್ದು ನಾರ್ಡಿಕ್ ಸ್ಕೀ. ಅದರಲ್ಲಿ ಇಳಿಯುವುದಷ್ಟೇ ಅಲ್ಲ, ಬಯಲಿನಲ್ಲೂ ಏರಿನಲ್ಲೂ ತನ್ನ ತೋಳುಕಾಲಿನ ಬಲದಿಂದ ಓಡಬೇಕು.

ಇನ್ನು ನಮ್ಮ ಕಥೆಗೆ ಬರುತ್ತೇವೆ. ನಾವು ನಾಲ್ವರೂ ಸೋಲಂಗ್ ಕಣಿವೆಯಲ್ಲಿ ಎರಡು ಚಳಿಗಾಲ ಮೂಲಪಾಠ ಕಲಿತು, ಬಿದ್ದು ಎದ್ದು, ಒಂದು ಮಟ್ಟಿಗೆ ನೆಟ್ಟಗೆ ನಿಲ್ಲುವಂತಾದೆವು. ಆಮೇಲೆ ಕಾಡುದಾರಿಯ ಹುಚ್ಚು ಹಿಡಿಯಿತು. ಸಮೀಪದ ಹಳ್ಳಿಯ ಒಬ್ಬ ಹಿರಿಯರನ್ನು ದಾರಿ ತೋರಿಸಲು ಗೊತ್ತುಮಾಡಿಕೊಂಡೆವು. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾವೂ ಹಾಗೆಯೇ ಕರೆದೆವು. ಕಲ್ಲು ಮತ್ತು ದೇವದಾರು ತೊಲೆಗಳನ್ನು ಪದರಪದರವಾಗಿ ಇಟ್ಟು ಕಟ್ಟಿದ ಅವರ ಮನೆಯಲ್ಲಿ ಕೆಳಗೆ ದನಕರು, ಮೇಲೆ ಮನುಷ್ಯರು. ನಡುವೆ ಕಟ್ಟಿಗೆಯ ಒಲೆ. ಆ ಕಡೆಯ ಗೋಶಾಲ್ ಮತ್ತು ಸುತ್ತಣ ಹಳ್ಳಿಗಳಲ್ಲಿ ಒಂದು ನೇಮವಿದೆ. ನಮ್ಮೂರಿನಲ್ಲಿ ಎಳ್ಳುಬೆಲ್ಲ ಹಂಚುವ ಸಂಕ್ರಾಂತಿಯ ದಿನದಿಂದ ೪೨ ದಿನ ಊರ ದೇವರುಗಳು ತಪಸ್ಸಿನಲ್ಲಿರುತ್ತಾರೆಂದು ಯಾರೂ ಗದ್ದಲ ಮಾಡುವಂತಿಲ್ಲ, ಹೊಲದ ಕೆಲಸವಿಲ್ಲ, ದೂರದರ್ಶನವನ್ನೂ ಹಚ್ಚುವುದಿಲ್ಲ. ಚಳಿಗಾಲದಲ್ಲಿ ಸುಮ್ಮನಿರಬೇಕಾದಾಗ ಸುಮ್ಮನಿರುವುದನ್ನು ಆ ಜನ ವ್ರತದಂತೆ ಪಾಲಿಸುತ್ತ ಬಂದಿದ್ದಾರೆ. ಐದು ದಿನದ ರಜೆ ಬರೆದುಕೊಟ್ಟು ಬಂದ ನಮಗೆ ಸುಮ್ಮನಿರುವುದು ಗೊತ್ತಿರಲಿಲ್ಲ.

ಆ ವರ್ಷ ಎರಡು ದಿನ ಹಿಮ ಬಿದ್ದು ಮೂರನೆಯ ದಿನ ಆಕಾಶ ತೊಳೆದಿಟ್ಟಂತಾಯಿತು. ಮೂರುವರೆ ಗಂಟೆ ಹತ್ತಿದ ಮೇಲೆ ನಮ್ಮ ಇಳಿಜಾರು ಎದುರಿಗೆ ಬಂತು. ಇನ್ನು ಇನ್ನೂರು ಮೀಟರ್ ಏರಿದರೆ ಮುಗಿಯಿತು. ಅಷ್ಟರಲ್ಲಿ ಕಾಲ ಕೆಳಗೆ 'ಧಪ್' ಎಂದು ಒಂದು ಸದ್ದು. ದೊಡ್ಡದೇನಲ್ಲ, ಅಟ್ಟದ ಮೇಲೆ ಯಾರೋ ಅಕ್ಕಿಮೂಟೆ ಇಳಿಸಿದಂತೆ. ಚಾಚಾ ನಿಂತರು. ಊರುಗೋಲನ್ನು ತಲೆಕೆಳಗು ಮಾಡಿ ಹಿಮಕ್ಕೆ ಚುಚ್ಚಿ ನೋಡಿದರು. ಸ್ವಲ್ಪ ದೂರ ಗಟ್ಟಿ, ಆಮೇಲೆ ಗೋಲು ತಾನಾಗಿಯೇ ಇಳಿದುಹೋಯಿತು.

'ಇವತ್ತು ಬೇಡ ಬಾಬೂಜಿ, ತಿರುಗೋಣ' ಎಂದರು.

ನಾವು ವಾದಿಸಿದೆವು. ಆಕಾಶ ಶುಭ್ರವಾಗಿದೆ ಎಂದೆವು. ಹಿಮ ನಿಂತು ಒಂದು ದಿನವಾಯಿತು ಎಂದೆವು. ಪಕ್ಕದಲ್ಲೇ ಯಾರೋ ಇಳಿದುಹೋದ ಎರಡು ಗೆರೆಗಳು ಕಾಣುತ್ತಿದ್ದವು. ಅವನ್ನು ತೋರಿಸಿ, ಅವರು ಹೋಗಲಿಲ್ಲವೇ ಎಂದೆವು.

'ಹೋದರು, ಅದು ಅವರ ಪುಣ್ಯ. ನಿಮ್ಮ ಪುಣ್ಯದ ಲೆಕ್ಕ ನನಗೆ ಗೊತ್ತಿಲ್ಲ' ಎಂದು ಹೇಳಿ ಚಾಚಾ ಹಲಗೆ ತಿರುಗಿಸಿಯೇಬಿಟ್ಟರು. ಬೆಟ್ಟದ ಏಣಿನ ಮೇಲೆ, ಮರಗಳ ಸಂದಿಯಲ್ಲಿ, ಇಳಿಜಾರು ಕಡಿಮೆ ಇರುವ ದಾರಿಯಲ್ಲಿ ಕರೆತಂದರು. ನಾವು ಮುಖ ಊದಿಸಿಕೊಂಡು ಹಿಂಬಾಲಿಸಿದೆವು.

ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಮಾರನೆಯ ದಿನ ಆ ಇಳಿಜಾರು ಗುಡುಗುಡಿಸಿ ಕುಸಿಯುತ್ತದೆ. ಮುದುಕರ ಮಾತು ನಿಜವಾಯಿತೆಂದು ಎಲ್ಲರೂ ಕೈಮುಗಿಯುತ್ತಾರೆ. ಹಾಗೇನೂ ಆಗಲಿಲ್ಲ. ಉಳಿದ ಎರಡು ದಿನವೂ ನಾವು ಕಿಟಕಿಯಿಂದ ಅದನ್ನೇ ನೋಡಿದೆವು. ಮಲಗಿದ ಆನೆಯಂತೆ ಅದು ಅಲ್ಲೇ ಇತ್ತು. ನಾವು ದಿಲ್ಲಿಯ ಬಸ್ಸು ಹತ್ತುವಾಗಲೂ ಅಲ್ಲೇ ಇತ್ತು. ದಾರಿಯುದ್ದಕ್ಕೂ ಚಾಚಾರ ಪುಕ್ಕಲುತನವನ್ನು ಹಾಸ್ಯ ಮಾಡಿ ನಕ್ಕೆವು. ಈ ನಗೆಯನ್ನು ತಾವು ನೆನಪಿನಲ್ಲಿಡಬೇಕು.

ಮುಂದಿನ ಚಳಿಗಾಲದಲ್ಲಿ ಚಾಚಾರ ದಿನಗೂಲಿ ಉಳಿಸಲು ನಾವೇ ಹೊರಟೆವು. ದಾರಿ ಗೊತ್ತಿತ್ತಲ್ಲ! ಕಾಡಿನ ಅಂಚಿನಲ್ಲಿ ಒಂದು ಚಿಕ್ಕ ಇಳಿಜಾರು. ಈ ಸಭಾಂಗಣದ ಮೂರರಷ್ಟು ಉದ್ದವಿದ್ದೀತು. ಅದರಲ್ಲಿ ಹಿಂದಿನ ಮೂರು ದಿನಗಳಲ್ಲಿ ಐದು ಸಲ ಇಳಿದು ಆನಂದಪಟ್ಟಿದ್ದೆವು. ಮೂರನೆಯ ರಾತ್ರಿ ಹೊಸ ಹಿಮವೇನೂ ಬೀಳಲಿಲ್ಲ, ಗಾಳಿ ಮಾತ್ರ ಬೆಳಗಿನವರೆಗೂ ಬೀಸಿತು. ಗಾಳಿ ಏನು ಮಾಡುತ್ತದೆಂದು ನಾವು ಯೋಚಿಸಲಿಲ್ಲ. ಚೀಲ ಹಗುರವಾಗಲೆಂದು ನಾಲ್ಕು ಸಲಿಕೆಗಳಲ್ಲಿ ಮೂರನ್ನು ಕೋಣೆಯಲ್ಲೇ ಬಿಟ್ಟೆವು.

ಆರನೆಯ ಸಲ ನಮ್ಮಲ್ಲಿ ಒಬ್ಬರು ಇಳಿಜಾರಿನ ನಡುವಿಗೆ ಬಂದಾಗ ಮೇಲಿನಿಂದ ಒಂದು ಗೆರೆ, ಸೀರೆಯ ಬಟ್ಟೆ ಹರಿದಂತೆ, ಅಡ್ಡಲಾಗಿ ಓಡಿತು. ಅದರ ಕೆಳಗಿನ ನೆಲವೆಲ್ಲ ಒಟ್ಟಿಗೆ ಸರಿಯಿತು. ಕೂಗಲು ಬಾಯಿ ತೆರೆಯುವಷ್ಟರಲ್ಲಿ ಮುಗಿದಿತ್ತು. ಅವರು ಅರುವತ್ತು ಮೀಟರ್ ಕೆಳಗೆ ಎದೆಯವರೆಗೆ ಹೂತು, ಒಂದು ಕೈ ಮೇಲೆತ್ತಿಕೊಂಡು ನಿಂತಿದ್ದರು. ಹರಿಯುವಾಗ ಹಿಟ್ಟಿನಂತೆ ಹರಿದ ಹಿಮ, ನಿಂತ ಕ್ಷಣವೇ ಗಾರೆಯಂತೆ ಬಿಗಿದಿತ್ತು. ಒಂದು ಸಲಿಕೆ, ಬಿಚ್ಚಿದ ಸ್ಕೀ ಹಲಗೆಗಳು, ಆರು ಕೈಗಳು. ಬಿಡಿಸಿಕೊಳ್ಳಲು ಇಪ್ಪತ್ತೈದು ನಿಮಿಷ ಹಿಡಿಯಿತು. ಹೂತಿದ್ದ ಕೈಯ ಮೂಳೆ ಮುರಿದಿತ್ತು. ಕತ್ತಲಾದ ಮೇಲೆ ಊರು ಸೇರಿದೆವು.

ಹಿಮದಡಿ ಪೂರ್ತಿ ಮುಚ್ಚಿಹೋದವರ ಲೆಕ್ಕವನ್ನು ತಜ್ಞರು ಇಟ್ಟಿದ್ದಾರೆ. ಮೊದಲ ಹತ್ತು ನಿಮಿಷದೊಳಗೆ ತೆಗೆದರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಸುಮಾರು ಮೂವರು. ನಾವು ತೆಗೆದುಕೊಂಡದ್ದು ಇಪ್ಪತ್ತೈದು ನಿಮಿಷ. ಆ ದಿನ ಹಿಮ ಇನ್ನೊಂದು ಮೊಳ ಮೇಲಕ್ಕೆ ಬಂದಿದ್ದರೆ ಇಂದು ಈ ಭಾಷಣವನ್ನು 'ನಾವು ಮೂವರು' ಎಂದು ಓದಬೇಕಾಗುತ್ತಿತ್ತು.

ಮಾರನೆಯ ದಿನ ಚಾಚಾರ ಮನೆಗೆ ಹೋದೆವು. ಬೈಯುತ್ತಾರೆಂದುಕೊಂಡಿದ್ದೆವು, ಬೈಯಲಿಲ್ಲ. ಒಲೆಯ ಬಳಿ ಕೂರಿಸಿ ಚಹಾ ಕೊಟ್ಟು, 'ಆ ಜಾಗದಲ್ಲಿ ಮೊದಲು ಎಷ್ಟು ಸಲ ಇಳಿದಿದ್ದಿರಿ?' ಎಂದು ಕೇಳಿದರು. ಐದು ಸಲ ಎಂದೆವು. 'ಹಾಗಾದರೆ ಐದು ಸಲ ತಪ್ಪು ಮಾಡಿದಿರಿ. ಆರನೆಯ ಸಲ ನಿಮಗೆ ತಿಳಿಯಿತು' ಎಂದರು.

ಆ ಮಾತಿನ ಹಿಂದೆ ಒಂದು ಶಾಸ್ತ್ರವೇ ಇದೆಯೆಂದು ಆಮೇಲೆ ಓದಿ ತಿಳಿದೆವು. ಬೆಟ್ಟದ ಮೇಲಿನ ಹಿಮ ಒಂದೇ ರಾಶಿಯಲ್ಲ; ಒಂದೊಂದು ಸಲ ಬಿದ್ದದ್ದು ಒಂದೊಂದು ಪದರ. ತೀವ್ರ ಚಳಿಯಲ್ಲಿ ತೆಳುವಾದ ಹಳೆಯ ಹಿಮ ಒಳಗೊಳಗೇ ಸಕ್ಕರೆಯ ಹರಳಿನಂತಾಗಿ ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗುತ್ತದೆ. ಅದರ ಮೇಲೆ ಹೊಸ ಹಿಮ ಬಿದ್ದೋ, ಗಾಳಿ ಒಂದು ಮಗ್ಗುಲ ಹಿಮವನ್ನು ಎತ್ತಿ ತಂದು ಮರೆಯ ಮಗ್ಗುಲಿಗೆ ಸುರಿದೋ, ಗಟ್ಟಿಯಾದ ಹೊದಿಕೆ ಕೂರುತ್ತದೆ. ರಾಗಿ ಚೆಲ್ಲಿದ ನೆಲದ ಮೇಲೆ ಹಲಗೆ ಇಟ್ಟು ಅದರ ಮೇಲೆ ಹತ್ತಿ ನಿಂತರೆ ಏನಾಗುವುದೋ ಅದೇ ಅಲ್ಲೂ ಆಗುತ್ತದೆ. ಹಿಂದಿನ ವರ್ಷ ನಾವು ಕೇಳಿದ 'ಧಪ್' ಎಂಬ ಸದ್ದು, ಆ ಬಿಡಿಹರಳಿನ ಪದರ ಮೇಲಿನ ಭಾರಕ್ಕೆ ಕುಸಿದ ಸದ್ದು. ಬಹುಪಾಲು ಹಿಮಕುಸಿತಗಳು ೩೦ರಿಂದ ೪೫ ಡಿಗ್ರಿ ಇಳಿಜಾರಿನಲ್ಲಿ, ಎಂದರೆ ನಮ್ಮ ಮನೆಗಳ ಮೆಟ್ಟಲಿನಷ್ಟು ಅಥವಾ ಅದಕ್ಕಿಂತ ಸ್ವಲ್ಪ ಕಡಿದಾದ ಕಡೆ ಆಗುತ್ತವೆ. ಸ್ಕೀ ಮಾಡಲು ಅತಿ ಸೊಗಸಾದ ಇಳಿಜಾರುಗಳೂ ಅವೇ. ಇದಕ್ಕಿಂತ ವಿಚಿತ್ರವೆಂದರೆ, ಕಾಡುದಾರಿಯಲ್ಲಿ ಸಿಕ್ಕಿಬಿದ್ದವರಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಮಂದಿಯ ಮೇಲೆ ಬಿದ್ದ ಹಿಮವನ್ನು ಅವರೇ, ಇಲ್ಲವೆ ಅವರ ಜೊತೆಗಾರರೇ ಕೆದಕಿರುತ್ತಾರೆ.

ಹೀಗಿದ್ದರೂ ಅಪಾಯದ ಇಳಿಜಾರು ಪ್ರತಿ ಸಲವೂ ಕುಸಿಯುವುದಿಲ್ಲ. ಕಲಿಯುವವನಿಗೆ ಅದೇ ದೊಡ್ಡ ಕೇಡು. ಒಲೆಗೆ ಕೈಯಿಟ್ಟ ಮಗುವಿಗೆ ಒಲೆ ಆಗಲೇ ಪಾಠ ಹೇಳುತ್ತದೆ. ಬೆಟ್ಟ ಹಾಗಲ್ಲ. ತಪ್ಪು ಮಾಡಿದವನನ್ನೂ ಹಲವು ಸಲ ಬೆನ್ನು ತಟ್ಟಿ ಮನೆಗೆ ಕಳಿಸುತ್ತದೆ. ಅವನು ತನ್ನ ಅದೃಷ್ಟವನ್ನೇ ಅನುಭವವೆಂದು ತಿಳಿಯುತ್ತಾನೆ. ಸರಿಯಾಗಿ ನಡೆದು ಹಿಂದಿರುಗಿದವನಿಗೋ, ತಾನು ಸರಿಯೆಂಬುದಕ್ಕೆ ಯಾವ ಸಾಕ್ಷಿಯೂ ಸಿಗುವುದಿಲ್ಲ. ಚಾಚಾ ನಮ್ಮನ್ನು ತಿರುಗಿಸಿದ ದಿನ ನಾವು ನಕ್ಕದ್ದು ಇದನ್ನು ಅರಿಯದೆ. ಇಂಥ ವಿದ್ಯೆಯನ್ನು ಪರಿಣಾಮ ನೋಡಿ ಕಲಿಯಲಾಗದು. ಆದ್ದರಿಂದಲೇ ತಲೆಮಾರುಗಳಿಂದ ನೋಡಿದವರ ಮಾತಿಗೂ, ಮೊದಲೇ ಹಾಕಿಕೊಂಡ ಕಟ್ಟಳೆಗೂ ತಲೆಬಾಗಬೇಕು.

ಇದು ನಮಗೆ ಪರಕೀಯವಾದ ಮಾತೂ ಅಲ್ಲ. ನಮ್ಮಲ್ಲಿ ಇಬ್ಬರು ಮಲೆನಾಡಿನವರು. ಆಷಾಢದಲ್ಲಿ ಹೊಳೆಯ ನೀರು ಕೆಂಪಾಗಿ, ಮರದ ದಿಮ್ಮಿ ತೇಲತೊಡಗಿದರೆ ಅಂಬಿಗ ದೋಣಿ ಬಿಡುತ್ತಿರಲಿಲ್ಲ. ಮದುವೆಯ ದಿಬ್ಬಣವೇ ದಡದಲ್ಲಿ ಎರಡು ದಿನ ಕಾದದ್ದುಂಟು. ದಾಟಿದ್ದರೆ ದೋಣಿ ಮುಳುಗುತ್ತಿತ್ತೇ ಎಂದು ಯಾರೂ ಸಾಕ್ಷಿ ಕೇಳಲಿಲ್ಲ. ಅಂಬಿಗನನ್ನು ಪುಕ್ಕಲನೆಂದು ಯಾರೂ ಅನ್ನಲಿಲ್ಲ. ನಮ್ಮ ಭಾಷೆಯೂ ಆ ಅರಿವನ್ನು ಹೊತ್ತಿದೆ. ತುಂತುರು, ಸೋನೆ, ಜಡಿ, ಬಿರುಮಳೆ ಎಂದು ಮಳೆಯನ್ನು ಬಗೆಬಗೆಯಾಗಿ ಕರೆಯಬಲ್ಲ ಕನ್ನಡಕ್ಕೆ ಹಿಮದ ಪರಿಚಯ ಸಾಲದು. ಪತ್ರಿಕೆಯಲ್ಲಿ 'ಹಿಮಪಾತ' ಎಂದಿದ್ದರೆ ಆಕಾಶದಿಂದ ಹಿಮ ಬಿತ್ತೋ, ಬೆಟ್ಟದಿಂದ ಕುಸಿಯಿತೋ ಎಂದು ತಿಳಿಯಲು ಸುದ್ದಿಯನ್ನು ಪೂರ್ತಿ ಓದಬೇಕು. ಮೊದಲನೆಯದನ್ನು ಕಂಡರೆ ಜನ ಚಿತ್ರ ತೆಗೆಯಲು ಓಡುತ್ತಾರೆ. ಎರಡನೆಯದನ್ನು ಕಂಡರೆ ಪ್ರಾಣ ಉಳಿಸಿಕೊಳ್ಳಲು ಓಡಬೇಕು. ನಾವು ಎರಡನೆಯದನ್ನು ಹಿಮಕುಸಿತ ಎಂದೇ ಕರೆಯುತ್ತಿದ್ದೇವೆ. ಹೊಳೆಯನ್ನು ಅಂಬಿಗನಿಗೆ ಬಿಟ್ಟಂತೆ, ಹಿಮವನ್ನು ಹಿಮದ ನಾಡಿನವರಿಗೆ ಬಿಡುವುದರಲ್ಲಿ ನಮಗೆ ಮಾನಭಂಗವಿಲ್ಲ.

ಹಾಗೆಂದು ಬಲ್ಲವರಿಗೆ ಅಪಾಯವಿಲ್ಲವೆಂದಲ್ಲ. ೧೯೭೯ರ ಮಾರ್ಚಿಯಲ್ಲಿ ರೋಹ್ತಂಗ್ ಆಚೆಯ ಲಾಹೌಲ್ ಕಣಿವೆಯಲ್ಲಿ ಹಿಮ ಕುಸಿದು ಸುಮಾರು ಇನ್ನೂರು ಮಂದಿ ಸತ್ತರು. ಅವರು ತಮ್ಮ ಊರಿನಲ್ಲೇ ಇದ್ದವರು. ೨೦೧೦ರ ಫೆಬ್ರವರಿಯಲ್ಲಿ ಗುಲ್ಮರ್ಗದ ಮೇಲಿನ ಖಿಲನ್‌ಮರ್ಗದಲ್ಲಿ ತರಬೇತಿಯಲ್ಲಿದ್ದ ೧೭ ಮಂದಿ ಸೈನಿಕರು ಮಡಿದರು.

ಇಲ್ಲಿ ಇನ್ನೊಂದು ನೆನಪನ್ನು ಹೇಳದೆ ಮುಂದೆ ಹೋಗಲಾರೆವು. ೨೦೧೬ರ ಫೆಬ್ರವರಿ ೩ರಂದು ಸಿಯಾಚಿನ್‌ನಲ್ಲಿ, ೧೯,೬೦೦ ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ಮೇಲೆ ಜೀವಂತರಾಗಿ ಸಿಕ್ಕಿದರು. ಅವರನ್ನು ಇದೇ ದಿಲ್ಲಿಯ ಸೈನಿಕ ಆಸ್ಪತ್ರೆಗೆ ತಂದರು. ಆ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಬೇರೆ ಮಾತಿರಲಿಲ್ಲ. ಫೆಬ್ರವರಿ ೧೧ರಂದು ಅವರು ತೀರಿಕೊಂಡರು. ಅವರು ಬೆಟ್ಟಕ್ಕೆ ಹೋದದ್ದು ವಿನೋದಕ್ಕಲ್ಲ. ಅಪಾಯವಿದೆಯೆಂದು ಗೊತ್ತಾದರೂ ಠಾಣೆ ಬಿಟ್ಟು ಹಿಂದಿರುಗುವ ಸ್ವಾತಂತ್ರ್ಯ ಅವರಿಗಿರಲಿಲ್ಲ. ನಮಗೆ ಇದೆ. ಅವರಂಥವರಿಗೆ ದೊರೆಯದ ಆ ಸ್ವಾತಂತ್ರ್ಯವನ್ನು ರಜೆ ಮುಗಿಯುತ್ತದೆ, ದುಡ್ಡು ಖರ್ಚಾಗಿದೆ, ಗೆಳೆಯರು ನಕ್ಕಾರು ಎಂಬ ಕಾರಣಗಳಿಗೆ ಕೈಬಿಡುವುದು ಅವಿವೇಕವೆಂದು ನಮಗೆ ಈಗ ತೋರುತ್ತದೆ.

ಹಿಮದಲ್ಲೇ ಹುಟ್ಟಿ ಬೆಳೆಯುವ ನಾರ್ವೆಯವರಿಗೂ ಇದನ್ನು ಹೇಳಿಕೊಡಬೇಕಾಯಿತು. ೧೯೬೭ರ ಈಸ್ಟರ್ ರಜೆಯಲ್ಲಿ ಅಲ್ಲಿ ಬೆಟ್ಟಕ್ಕೆ ಹೋದ ಹಲವರು ಬಿರುಗಾಳಿಗೂ ಹಿಮಕ್ಕೂ ಸಿಕ್ಕಿ ಸತ್ತ ಮೇಲೆ, ಬೆಟ್ಟದ ನಡವಳಿಕೆಯ ನಿಯಮಗಳನ್ನು ಮನೆಮನೆಗೆ ಮುಟ್ಟುವಂತೆ ಪ್ರಚಾರ ಮಾಡಿದರು. ಹೊತ್ತಿಗೆ ಮುಂಚೆ ತಿರುಗುವುದರಲ್ಲಿ ನಾಚಿಕೆಯಿಲ್ಲವೆಂಬುದು ಅವುಗಳಲ್ಲಿ ಒಂದು. ಅಲ್ಲಿಯ ಮಕ್ಕಳಿಗೂ ಅದು ಬಾಯಿಪಾಠ.

ತರುಣ ಮಿತ್ರರಿಗೆ ಇನ್ನು ಕೆಲವು ವ್ಯಾವಹಾರಿಕ ಮಾತು. ಮೊದಲು ತರಬೇತಿ ಪಡೆಯಿರಿ. ಮನಾಲಿಯಲ್ಲಿ ಸರ್ಕಾರದ ಪರ್ವತಾರೋಹಣ ಸಂಸ್ಥೆಯೇ ಇದೆ. ಒಂದು ಚಳಿಗಾಲ ಕಾವಲಿರುವ ಇಳಿಜಾರಿನಲ್ಲೇ ಕಳೆದರೆ ನಷ್ಟವಿಲ್ಲ. ಹತ್ತಿಯ ಬಟ್ಟೆಯನ್ನು ಮೈಗೆ ತಗುಲುವಂತೆ ತೊಡಬೇಡಿ. ಅದು ಬೆವರು ಕುಡಿದು ನಿಂತಾಗ ಮೈಯನ್ನು ಕೊರೆಯುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ಕಪ್ಪು ಕನ್ನಡಕ ಅಲಂಕಾರಕ್ಕಲ್ಲ. ಅದಿಲ್ಲದಿದ್ದರೆ ಹಿಮದ ಬೆಳಕಿಗೆ ಕಣ್ಣು ಬೆಂದು ಸಂಜೆಗೆ ತೆರೆಯಲಾಗದು. ಬೀಕನ್ ಎಂಬ ಕೈಯಗಲದ ರೇಡಿಯೋ ಯಂತ್ರ, ಮಡಚುವ ಉದ್ದನೆಯ ಸರಳು, ಸಲಿಕೆ, ಈ ಮೂರೂ ಪ್ರತಿಯೊಬ್ಬರ ಬಳಿಯೂ ಇರಬೇಕು. ಬೀಕನ್ನು ಹೂತವನು ಎಲ್ಲಿದ್ದಾನೆಂದು ತೋರಿಸುತ್ತದೆ, ಸರಳು ಎಷ್ಟು ಆಳದಲ್ಲಿದ್ದಾನೆಂದು ಹೇಳುತ್ತದೆ, ಸಲಿಕೆ ತೆಗೆಯುತ್ತದೆ. ಒಂದಿಲ್ಲದಿದ್ದರೆ ಉಳಿದೆರಡು ವ್ಯರ್ಥ. ಇವನ್ನು ಬಳಸುವುದನ್ನು ದಿಲ್ಲಿಯಲ್ಲೇ ಅಭ್ಯಾಸ ಮಾಡಿ. ನಾವು ಲೋದಿ ಉದ್ಯಾನದ ತರಗೆಲೆಗಳಡಿ ಬೀಕನ್ ಬಚ್ಚಿಟ್ಟು ಹುಡುಕುವುದನ್ನು ಕಂಡು ಮಾಲಿಯೊಬ್ಬ, 'ಬಾಬೂಜಿ, ಏನು ಕಳೆದುಕೊಂಡಿರಿ?' ಎಂದು ಮರುಗಿದ. ಚಂಡೀಗಢದಲ್ಲಿ ಕೇಂದ್ರವಿರುವ ರಕ್ಷಣಾ ಸಂಶೋಧನಾಲಯ, ಡಿಜಿಆರ್‌ಇ, ಹಿಮಾಲಯದ ಪ್ರದೇಶಗಳಿಗೆ ಹಿಮಕುಸಿತದ ಮುನ್ಸೂಚನೆ ಹೊರಡಿಸುತ್ತದೆ; ಅದನ್ನು ಓದದೆ ಹೊರಡಬೇಡಿ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅವರ ದಿನಗೂಲಿಯಲ್ಲಿ ಉಳಿತಾಯ ಮಾಡಬೇಡಿ.

ಈಗ ನಾವು ನಾಲ್ವರೂ ಒಂದು ಕಟ್ಟಳೆ ಹಾಕಿಕೊಂಡಿದ್ದೇವೆ. ಹೊರಡುವ ಮುನ್ನ ಒಲೆಯ ಬಳಿ ಕುಳಿತು, ಎಷ್ಟು ಹೊತ್ತಿಗೆ, ಏನು ಕಂಡರೆ ತಿರುಗಬೇಕೆಂದು ಬರೆದುಕೊಳ್ಳುತ್ತೇವೆ. ಬೆಟ್ಟದ ಮೇಲೆ ಶಿಖರವನ್ನು ಕಣ್ಣೆದುರಿಗೆ ಇಟ್ಟುಕೊಂಡು ಬುದ್ಧಿ ನೆಟ್ಟಗಿರುವುದಿಲ್ಲ. ಯಾರಾದರೂ ಒಬ್ಬರು 'ಸಾಕು' ಎಂದರೆ ಉಳಿದವರು ಕಾರಣ ಕೇಳುವಂತಿಲ್ಲ. ಕಳೆದ ಚಳಿಗಾಲದಲ್ಲಿ ಐದು ಸಲ ಹೊರಟು ಮೂರು ಸಲ ಹಿಂದಿರುಗಿದೆವು. ಆ ಮೂರರಲ್ಲಿ ಎಷ್ಟು ಸಲ ನಾವು ಸರಿ ಎಂದು ಹೇಳಲಾರೆವು; ಅದು ಎಂದಿಗೂ ತಿಳಿಯುವುದೂ ಇಲ್ಲ. ಈಗ ಅದಕ್ಕಾಗಿ ಕೊರಗುವುದಿಲ್ಲ.

ಕೊನೆಯದಾಗಿ ಸಂಘಕ್ಕೆ ಒಂದು ಬಿನ್ನಹ. ನಮ್ಮ ಸಭೆಗಳಲ್ಲಿ ಶಿಖರ ಮುಟ್ಟಿ ಬಂದವರಿಗೆ ಹಾರ ಹಾಕುತ್ತೇವೆ, ಅದು ಯೋಗ್ಯವೇ. ಅದರ ಜೊತೆಗೆ ಗ್ರಂಥಾಲಯದ ಬೀರುವಿನಲ್ಲಿ ಒಂದು ಪುಸ್ತಕ ಇಡೋಣ. ಬೆಟ್ಟಕ್ಕೆ ಹೋಗಿ ಅರ್ಧದಿಂದ ತಿರುಗಿಬಂದ ಸದಸ್ಯರು ಅದರಲ್ಲಿ ದಿನಾಂಕ, ಸ್ಥಳ, ತಿರುಗಿದ ಕಾರಣಗಳನ್ನು ಬರೆಯಲಿ. ವರ್ಷದ ಸಭೆಯಲ್ಲಿ ಅದನ್ನೂ ಓದೋಣ, ಅವರಿಗೂ ಕೈತಟ್ಟೋಣ. ಹಿಂದಿರುಗಿದವನಿಗೆ ಬೆಟ್ಟ ಸಾಕ್ಷಿ ಹೇಳದಿದ್ದರೆ ಬೇಡ. ಮನೆಯವರಾದ ನಾವಾದರೂ ಹೇಳೋಣ. ತಂದೆತಾಯಿಗಳು ಈ ಪುಸ್ತಕವನ್ನು ಒಪ್ಪಿದರೆ, ಮಕ್ಕಳನ್ನು ಕಳಿಸಲು ಅರ್ಧ ಧೈರ್ಯ ತಾನಾಗಿಯೇ ಬರುತ್ತದೆಂದು ನಮ್ಮ ನಂಬಿಕೆ.

ಪುಸ್ತಕವನ್ನು ಇಂದು ನಾವೇ ಕೊಂಡು ತಂದಿದ್ದೇವೆ. ಮೊದಲ ಪುಟದಲ್ಲಿ ಚಾಚಾ ನಮ್ಮನ್ನು ತಿರುಗಿಸಿದ ದಿನವನ್ನು ಬರೆದಿದ್ದೇವೆ. ಅಂದು ನಕ್ಕದ್ದನ್ನೂ ಬರೆದಿದ್ದೇವೆ. ಅದನ್ನು ಅಧ್ಯಕ್ಷರ ಕೈಗೆ ಒಪ್ಪಿಸುತ್ತೇವೆ.